ಗಂಡ, ಹೆಂಡತಿ, ಒಂದೇ ಸೀಟು

ಹಳೇ ಎಲೆಕ್ಷನ್ ರಿಸಲ್ಟ್ ಓದೋದು ನನಗೊಂದು ಚಟ. ಹಾಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಗವನ್. ಹಡಗು ಕಟ್ಟುವ ಕಾರ್ಮಿಕರ ಏರಿಯಾ, ಲೇಬರ್ ಪಕ್ಷದ ಕೋಟೆ.

1973ರ ಉಪಚುನಾವಣೆಯಲ್ಲಿ, ಸ್ವತಂತ್ರ ಸ್ಕಾಟ್ಲೆಂಡ್ ಕೇಳುವ ಎಸ್‌ಎನ್‌ಪಿಯ ಮಾರ್ಗೊ ಮ್ಯಾಕ್‌ಡೊನಾಲ್ಡ್ ಅಲ್ಲಿ 571 ಮತಗಳಿಂದ ಗೆದ್ದರು. ನಾಲ್ಕು ತಿಂಗಳೊಳಗೆ ಸಾರ್ವತ್ರಿಕ ಚುನಾವಣೆ ಬಂತು, ಸೋತರು. 1988ರಲ್ಲಿ ಮತ್ತೆ ಉಪಚುನಾವಣೆ. ಹಿಂದಿನ ವರ್ಷವಷ್ಟೇ ಲೇಬರ್ 19,000ಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿತ್ತು. ಅದನ್ನು ಉಲ್ಟಾ ಮಾಡಿದ್ದು ಎಸ್‌ಎನ್‌ಪಿಯ ಜಿಮ್ ಸಿಲರ್ಸ್. ಯಾರು ಗೊತ್ತಾ? ಮಾರ್ಗೊ ಅವರ ಗಂಡ! 1992ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರೂ ಸೋತರು. ಸ್ಕಾಟ್ ಜನರದ್ದು ತೊಂಬತ್ತು ನಿಮಿಷದ ದೇಶಭಕ್ತಿ, ಫುಟ್‌ಬಾಲ್ ಮ್ಯಾಚ್ ಮುಗಿಯೋತನಕ ಮಾತ್ರ ಅಂತ ಜರೆದರು.

ಸೋತವರ ಸಂಕಟ ಅರ್ಥವಾಗುತ್ತೆ. ಆದರೆ ನನಗೆ ಮತದಾರರು ಚಂಚಲರು ಅನ್ನಿಸಲ್ಲ. ಉಪಚುನಾವಣೆಯಿಂದ ಸರ್ಕಾರ ಬದಲಾಗಲ್ಲ, ಸಿಟ್ಟು ತೋರಿಸಬಹುದು. ಸಾರ್ವತ್ರಿಕ ಚುನಾವಣೆಯಲ್ಲಿ ಲಂಡನ್ನಿನಲ್ಲಿ ಕೂತು ಯಾರು ಆಳಬೇಕು ಅನ್ನೋದೇ ಪ್ರಶ್ನೆ. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ, ಅಲ್ವಾ?

2005ರ ಮರುವಿಂಗಡಣೆಯಲ್ಲಿ ಆ ಸಂಸತ್ ಕ್ಷೇತ್ರವೇ ಇಲ್ಲವಾಯ್ತು. 2015ರಲ್ಲಿ ಗ್ಲಾಸ್ಗೋದ ಏಳಕ್ಕೆ ಏಳೂ ಸೀಟು ಎಸ್‌ಎನ್‌ಪಿ ಪಾಲು. ಅದೂ ಸಾರ್ವತ್ರಿಕ ಚುನಾವಣೆಯಲ್ಲಿ! ನೋಡೋಕೆ ಮಾರ್ಗೊ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.