ದುಭಾಷಿ

ಕನ್ನಡ ಎಂ. ಎ. ಮಾಡಿದವನಿಗೆ ಯಂತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೇಳಿದರೆ ತಪ್ಪಿಲ್ಲ, ನನ್ನ ಮನೆಯವಳೂ ಅದನ್ನೇ ಕೇಳಿದ್ದಳು. ಹಳಗನ್ನಡದ ಸಮಾಸಗಳನ್ನು ಬಿಡಿಸುವವನು ಗಣಕಯಂತ್ರದ ಗಂಟನ್ನೂ ಬಿಡಿಸಬಲ್ಲನೆಂಬ ಹಮ್ಮು ನನ್ನಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ಆ ಹಮ್ಮು ಇಳಿದ ಕತೆಯೇ ಇದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯ ಅವಧಿ ಮುಗಿಯಿತು. ಅದರ ಮರುವಾರವೇ, ಮುನಿಸಿಕೊಂಡಂತೆ, ನನ್ನ ಲ್ಯಾಪ್‌ಟಾಪ್ ಚಕ್ರ ಸುತ್ತುತ್ತ ನಿಂತುಬಿಟ್ಟಿತು. ಎಷ್ಟು ಬಾರಿ ಆರಿಸಿ ಹೊತ್ತಿಸಿದರೂ ಅದೇ ಚಕ್ರ. ದೀಪಾವಳಿಯ ರಜೆಗೆಂದು ನಾನು ಚಿಂತಾಕಿಗೆ ಬಂದಿದ್ದೆ. ಹೇಗೂ ಹಳೆಯದರ ಆಯುಸ್ಸು ಮುಗಿದಿದೆ, ಹೊಸತನ್ನೇ ಪ್ರತಿಷ್ಠಾಪಿಸೋಣವೆಂದು ವಿಂಡೋಸ್ 11 ತುಂಬಿದ ಪೆನ್‌ಡ್ರೈವನ್ನು ಸಿಕ್ಕಿಸಿ, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ.

ಆ ಯಂತ್ರದಲ್ಲಿ ಏನಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ನನ್ನ ಅರ್ಧ ಬರೆದ ಪ್ರಬಂಧವಿತ್ತು. ಅದು ಹೋದರೆ ಸಾಹಿತ್ಯಲೋಕಕ್ಕೆ ಅಂಥ ನಷ್ಟವೇನೂ ಇರಲಿಲ್ಲ. ಆದರೆ 'ಡಿ' ಎಂಬ ಎರಡನೆಯ ಭಾಗದಲ್ಲಿ ನಮ್ಮ ಆಯಿ ಹಾಡಿದ ಬೀಸುವ ಪದಗಳಿದ್ದವು. ತಂದೆಯ ತಾಯಿ ಆಕೆ, ಅಕ್ಷರ ಕಲಿತವಳಲ್ಲ. ಎರಡು ಬೇಸಗೆ ಆಕೆಯ ಎದುರು ಕುಳಿತು ಮೊಬೈಲಿನಲ್ಲಿ ಹಿಡಿದಿಟ್ಟ ಹಾಡುಗಳು ಅವು. ಆ ಮೊಬೈಲು ಹಾಳಾಯಿತು. 2023ರಲ್ಲಿ ಆಯಿಯೂ ಹೋದಳು. ಇನ್ನೊಂದು ಪ್ರತಿ ತೆಗೆದಿಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಅಂದುಕೊಳ್ಳುವುದರಲ್ಲಿ ನಮ್ಮಂಥ ಅಧ್ಯಾಪಕರನ್ನು ಮೀರಿಸುವವರಿಲ್ಲ.

ಭಾಷೆ ಕೇಳಿತು, ಹೇಳಿದೆ. ಕರಾರಿಗೆ ಒಪ್ಪಿಗೆ ಕೇಳಿತು, ಓದದೆಯೇ ಕೊಟ್ಟೆ. ಎಲ್ಲಿ ಸ್ಥಾಪಿಸಲಿ ಎಂದು ಕೇಳುವ ಪುಟ ಬಂತು. ಡಿಸ್ಕಿನ ಭಾಗಗಳು ಕಾಣಬೇಕಾದ ಆ ಜಾಗ ಬರಿದಾಗಿತ್ತು. ಯಾವ ಡ್ರೈವೂ ಸಿಗಲಿಲ್ಲ ಎಂಬ ಅರ್ಥದ ಒಂದು ಸಾಲು ಮಾತ್ರ ಅಲ್ಲಿತ್ತು.

ಎದೆ ಧಸಕ್ಕೆಂದಿತು. ಡಿಸ್ಕ್ ಸತ್ತಿತೆಂದೇ ತಿಳಿದೆ. "ರೊಟ್ಟಿ ಆರ್ಲಕತ್ತಾವ, ಬರ್ರಿ" ಎಂದು ಒಳಗಿನಿಂದ ಕೂಗಿದ ಮನೆಯವಳು, ಉತ್ತರ ಬಾರದಿದ್ದಾಗ ಹೊರಗೆ ಬಂದು ನನ್ನ ಮುಖ ನೋಡಿದಳು. ನೋಡಿದವಳೇ, ನನ್ನನ್ನು ಏನೂ ಕೇಳದೆ, ಪಕ್ಕದ ಮನೆಯ ಹುಡುಗನನ್ನು ಕರೆಸಿದಳು.

ಹುಡುಗ ಬಿ. ಎಸ್ಸಿ. ಓದುತ್ತಿದ್ದ. ತೆರೆಯನ್ನೊಮ್ಮೆ ನೋಡಿ ನಕ್ಕ. "ಸರ್, ಡಿಸ್ಕ್ ಎಲ್ಲಿ ಹೋಗ್ತದ? ಅಲ್ಲೇ ಅದ. ಇದಕ್ಕ ಕಾಣ್ವಲ್ದು, ಅಷ್ಟೇ. ಡ್ರೈವರ್ ಇಲ್ಲ."

ಡ್ರೈವರ್ ಎಂದೊಡನೆ ಔರಾದದ ಬಸ್ಸು ಓಡಿಸುವ ಪುಣ್ಯಾತ್ಮನೇ ನನ್ನ ಕಣ್ಣಮುಂದೆ ಬಂದನು. ಹುಡುಗ ತಾಳ್ಮೆಯಿಂದ ತಿಳಿಸಿದ. ಯಂತ್ರದ ಒಂದೊಂದು ಅಂಗಕ್ಕೂ ಅದರದೇ ಆದ ಮಾತಿದೆ. ಕಾರ್ಯಾಚರಣ ವ್ಯವಸ್ಥೆ ಅವೆಲ್ಲವನ್ನೂ ಹುಟ್ಟಿನಿಂದ ಬಲ್ಲದೆಂದೇನೂ ಇಲ್ಲ. ನಡುವೆ ನಿಂತು ಇದರ ಮಾತನ್ನು ಅದಕ್ಕೆ, ಅದರದನ್ನು ಇದಕ್ಕೆ ತಿಳಿಸುವ ಸಣ್ಣ ತಂತ್ರಾಂಶವೇ ಡ್ರೈವರ್. ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯಿಂದೀಚೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮುಂದೆ ವಿಎಂಡಿ ಎಂಬ ದ್ವಾರಪಾಲಕನಿರುತ್ತಾನೆ. ಅವನ ಮಾತು ಬಲ್ಲ ಡ್ರೈವರ್ ಪೆನ್‌ಡ್ರೈವಿನಲ್ಲಿ ಇರದಿದ್ದರೆ ಒಳಗಿನ ಡಿಸ್ಕ್ ಹೊರಗಿನವರಿಗೆ ಕಾಣುವುದೇ ಇಲ್ಲ.

ನನಗೆ ಥಟ್ಟನೆ ಮುತ್ಯಾನ ಪೆಟ್ಟಿಗೆ ನೆನಪಾಯಿತು. ನಮ್ಮ ಬೀದರ ಜಿಲ್ಲೆ 1956ರವರೆಗೆ ಹೈದರಾಬಾದು ಸಂಸ್ಥಾನ ಮತ್ತು ರಾಜ್ಯದಲ್ಲಿತ್ತಷ್ಟೆ. ನಿಜಾಮರ ಕಾಲದ ಸರಕಾರಿ ಕಾಗದಗಳು ಬಹಳಷ್ಟು ಉರ್ದುವಿನಲ್ಲಿ. ನಮ್ಮ ಹೊಲದ ಹಳೆಯ ಕಾಗದವೂ ಹಾಗೆಯೇ. ಒಮ್ಮೆ ತಕರಾರು ಬಂದಾಗ ತಂದೆಯವರು ಅದನ್ನು ಹಿಡಿದು ಉರ್ದು ಬಲ್ಲ ವೃದ್ಧ ಮಾಸ್ತರರೊಬ್ಬರ ಬಳಿಗೆ ಓಡಿದ್ದರು. ಕಾಗದದಲ್ಲಿ ನಮ್ಮ ಹೊಲದ ನಾಲ್ಕು ಮೇರೆಯೂ ಇತ್ತು. ಇಲ್ಲದವನು ಓದುವವನು ಮಾತ್ರ. ಮಾಸ್ತರರು ಕನ್ನಡಕವೇರಿಸಿ ಓದಿದ ಗಳಿಗೆಯಲ್ಲಿ ಹೊಲ ನಮಗೆ ಮರಳಿ ಕಂಡಿತು.

ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ, ನನ್ನ ಯಂತ್ರದ ಮಾದರಿಯ ಸಂಖ್ಯೆ ಹಿಡಿದು, ತಯಾರಕರ ತಾಣದಿಂದಲೇ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿದ. ಇಳಿಸಿದ ಮೂಟೆಯನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿದರೆ ಪ್ರಯೋಜನವಿಲ್ಲ. ಬಿಚ್ಚಿ, ಒಳಗಿರುವ 'ಐಎನ್ಎಫ್' ಕಡತಗಳು ಕಾಣುವಂತೆ ಇಡಬೇಕಂತೆ. ನಮ್ಮಲ್ಲಿಯೂ ಬುತ್ತಿಯ ಗಂಟು ಬಿಚ್ಚದೆ ಉಂಡವರಿಲ್ಲ. 'ಲೋಡ್ ಡ್ರೈವರ್' ಒತ್ತಿ ಆ ಕಡತವನ್ನು ತೋರಿಸಿದೆವು. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಡಿಸ್ಕಿನ ಭಾಗಗಳೆಲ್ಲ ಸಾಲಾಗಿ ಮೂಡಿದವು.

ಹರುಷದಲ್ಲಿ 'ಅಳಿಸು' ಎಂಬುದನ್ನು ಒತ್ತಹೋದ ನನ್ನ ಕೈಯನ್ನು ಹುಡುಗ ಹಿಡಿದುಕೊಂಡ. "ತಡೀರಿ ಸರ್! ಮೊದಲ ಹಾಡು ಕಾಪಿ ಮಾಡ್ಕೊಳ್ಳಮಿ." ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದ; ಕಪ್ಪು ಕಿಟಕಿಯೊಂದು ತೆರೆಯಿತು. ಸ್ಥಾಪನೆಯ ಹೊತ್ತಿನಲ್ಲಿ ಸಿ, ಡಿ ಎಂಬ ಹೆಸರುಗಳು ಅದಲುಬದಲಾಗಿರಬಹುದಾದ್ದರಿಂದ, ಹೆಸರನ್ನು ನಂಬದೆ ಒಳಗಿನ ಕಡತಗಳನ್ನು ನೋಡಿಯೇ ಗುರುತಿಸಿದ. ಆಯಿಯ ಹಾಡುಗಳನ್ನು ಬೇರೊಂದು ಪೆನ್‌ಡ್ರೈವಿಗೆ ಇಳಿಸಿದ. ನಾನು ಮೂರು ವರ್ಷ ಮಾಡದ ಕೆಲಸ ಮೂರು ನಿಮಿಷದಲ್ಲಿ ಮುಗಿಯಿತು. ಆಮೇಲೆಯೇ ಹಳೆಯ ವಿಂಡೋಸ್ ಇದ್ದ ಭಾಗವನ್ನು, ಗಾತ್ರ ನೋಡಿ ಖಚಿತಪಡಿಸಿಕೊಂಡು, ಅಳಿಸಿದ್ದು.

ಮುಂದಿನ ವಿಘ್ನ ಇನ್ನೂ ಸೊಗಸಿನದು. ವಿಂಡೋಸ್ ಅರ್ಧ ದಾರಿಯಲ್ಲಿ ನಿಂತು ಅಂತರ್ಜಾಲ ಬೇಕೆಂದಿತು. ವೈಫೈಗೆ ಡ್ರೈವರ್ ಇಲ್ಲ. ಡ್ರೈವರ್ ತರಲು ಅಂತರ್ಜಾಲ ಬೇಕು. ಅಂತರ್ಜಾಲಕ್ಕೆ ವೈಫೈ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಹುಡುಗ ಮೊಬೈಲನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಹಾಕಿದ. ಆ ಮಾರ್ಗದ ಮಾತು ವಿಂಡೋಸಿಗೆ ಮೊದಲೇ ಗೊತ್ತು. ಮೊಬೈಲಿನ ಅಂತರ್ಜಾಲ ಒಳಗೆ ಹರಿಯಿತು. ಹಿಂದೆಯೇ ವೈಫೈ ಬಂತು. ಅಲ್ಲಿಯವರೆಗೆ ಸತ್ತಂತೆ ಬಿದ್ದಿದ್ದ ಟಚ್‌ಪ್ಯಾಡು ಬೆರಳಿಗೆ ಓಗೊಟ್ಟಿತು.

ನಾನು ಆತುರದಿಂದ ಆಯಿಯ ಮೊದಲ ಹಾಡನ್ನು ತೆರೆದೆ. ಗೆರೆ ಮುಂದೆ ಮುಂದೆ ಸಾಗುತ್ತಿತ್ತು, ಕಾಲ ಓಡುತ್ತಿತ್ತು. ಸದ್ದಿಲ್ಲ. ಆಯಿ ಹಾಡುತ್ತಿದ್ದಾಳೆ, ನನಗೆ ಕೇಳುತ್ತಿಲ್ಲ. ಡಿಸ್ಕ್ ಕಾಣದಾಗ ಹೆದರಿದ್ದೆ. ಈಗ ಹೆದರಿಕೆಯಲ್ಲ, ದುಃಖವೇ ಬಂತು.

ಡಿವೈಸ್ ಮ್ಯಾನೇಜರ್ ತೆರೆದರೆ ಒಂದು ಅಂಗದ ಮೇಲೆ ಹಳದಿ ತ್ರಿಕೋನ, ಒಳಗೊಂದು ಉದ್ಗಾರ ಚಿಹ್ನೆ. ಅದರ ಗುಣಲಕ್ಷಣಗಳಲ್ಲಿ ಹಾರ್ಡ್‌ವೇರ್ ಐಡಿ ಎಂಬ ಅಂಕಿತವಿರುತ್ತದೆ. ಅದರಲ್ಲಿ 'ವೆನ್' ಎಂಬುದರ ಮುಂದಿನದು ಮನೆತನ, 'ಡೆವ್' ಎಂಬುದರ ಮುಂದಿನದು ವ್ಯಕ್ತಿ. ನಮ್ಮದರ ಮನೆತನ 8086, ಅದು ಇಂಟೆಲ್‌ನದು. 1978ರಲ್ಲಿ ಆ ಕಂಪನಿ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯೂ ಅದೇ. ಹೆಸರು ತಿಳಿಯದ ಶಾಸನವನ್ನು ಅಂಕಿತದಿಂದ ಗುರುತಿಸುವ ವಿದ್ಯೆ ನನಗೂ ಪರಿಚಿತವೇ ಆದ್ದರಿಂದ, ಇಲ್ಲಿ ಮಾತ್ರ ನಾನು ತಲೆದೂಗಿದೆ. ಧ್ವನಿಗೆ ದುಭಾಷಿ ಒಬ್ಬನಲ್ಲ, ಇಬ್ಬರು: ಮೊದಲು ಇಂಟೆಲ್ ಸ್ಮಾರ್ಟ್ ಸೌಂಡ್, ಅನಂತರ ರಿಯಲ್‌ಟೆಕ್. ಮೊದಲನೆಯವನು ಬಾರದೆ ಎರಡನೆಯವನಿಗೆ ಕೆಲಸವಿಲ್ಲ. ಇಬ್ಬರನ್ನೂ ತಯಾರಕರ ತಾಣದಿಂದ ಕ್ರಮವಾಗಿ ಕರೆತಂದು, ಯಂತ್ರವನ್ನು ಆರಿಸಿ ಹೊತ್ತಿಸಿದೆವು.

ಮೊದಲು ಕೇಳಿದ್ದು ಬೀಸುಕಲ್ಲಿನ ಗುರುಗುರು. ಆಮೇಲೆ ಆಯಿಯ ಒಂದು ಕೆಮ್ಮು. ಆಮೇಲೆ ಹಾಡು. ಅಡುಗೆಮನೆಯ ಬಾಗಿಲಲ್ಲಿ ತಂದೆಯವರು ಯಾವಾಗ ಬಂದು ನಿಂತರೋ ನಾನು ನೋಡಲಿಲ್ಲ. ಹಾಡು ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚು" ಎಂದಷ್ಟೇ ಅಂದರು.

ರಜೆ ಮುಗಿಸಿ ಕಾಲೇಜಿಗೆ ಹೋದೆ. ನನ್ನ ತರಗತಿಯ ಮಕ್ಕಳು ಮನೆಯಲ್ಲಿ ಕನ್ನಡವನ್ನು ಮಾತ್ರವಲ್ಲ, ಮರಾಠಿ, ಉರ್ದು, ತೆಲುಗು, ಲಂಬಾಣಿಗಳನ್ನೂ ಆಡುವವರು. ಛಂದಸ್ಸಿನ ಪಾಠಕ್ಕೆ ಅವರು ತೂಕಡಿಸಿದಾಗಲೆಲ್ಲ, 'ಈ ಮಕ್ಕಳಲ್ಲಿ ಏನೂ ಇಲ್ಲ' ಎಂದು ನಾನು ಅಧ್ಯಾಪಕರ ಕೋಣೆಯಲ್ಲಿ ತೀರ್ಪು ಕೊಟ್ಟದ್ದುಂಟು. ಯಾವ ಡ್ರೈವೂ ಸಿಗಲಿಲ್ಲ ಎಂದು ಆ ಯಂತ್ರ ಹೇಳಿದ್ದೂ ಅದೇ ದನಿಯಲ್ಲಿ. ಅಂದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯನ್ನು ಹೇಳುವ ಮೊದಲು ಆಯಿಯ ಹಾಡನ್ನು ಕೇಳಿಸಿದೆ. ಅದೂ ತ್ರಿಪದಿಯೇ. ತಾಂಡಾದಿಂದ ಬರುವ, ಈ ವರ್ಷ ಒಮ್ಮೆಯೂ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಮ್ಮ ಅಜ್ಜೀನೂ ಬೀಸುವಾಗ ಹಾಡ್ತಾಳ್ರಿ. ನಮ್ಮ ಮಾತಿನ್ಯಾಗ. ಹಾಡ್ಲೇನ್ರಿ?"

ಹಾಡಿದಳು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಅರ್ಥ ಹೇಳುವ ದುಭಾಷಿಯೂ ಅವಳೇ ಆದಳು.