ಬಂದ ದಾರಿಗೆ ಸುಂಕವಿಲ್ಲ

‘ಎಂಬತ್ತೆರಡು!’ ಎಂದಳು ಮಗಳು, ಕಂಪ್ಯೂಟರಿನಿಂದ ತಲೆಯೆತ್ತದೆ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ನಮ್ಮ ಮನೆಯವರಿಗೆ ಖುಷಿಯೋ ಖುಷಿ. ‘ನೂರಕ್ಕೆ 82 ಅಂದರೆ ಡಿಸ್ಟಿಂಕ್ಷನ್ನೇ ಅಲ್ಲವೇನೇ!’

‘ಅಪ್ಪಾ, ಇದು ಹೆಚ್ಚು ಬಂದಷ್ಟೂ ಫೇಲು’ ಎಂದಳು ಅವಳು, ಸಣ್ಣ ದನಿಯಲ್ಲಿ.

ನಾನು ಹಲಸಿನ ಹಪ್ಪಳ ಮಾಡಿ ಮಾರುವವಳು. ನಮ್ಮ ಶಿರಸಿಯ ಕಡೆ ಬೇಸಿಗೆಯಲ್ಲಿ ಹಪ್ಪಳ ಒಣಗದ ಅಂಗಳವಿಲ್ಲ. ಎಲ್ಲರ ಮನೆಯಲ್ಲೂ ಇರುವುದನ್ನು ಕೊಳ್ಳುವವರು ಊರಾಚೆಗೇ ಸಿಗಬೇಕು. ಹಾಗಾಗಿ ಬಿಸಿಎ ಓದುವ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಅದರ ‘ಬೌನ್ಸ್ ರೇಟ್’ ಈ 82. ಅಂದರೆ ನೂರು ಸಲ ಯಾರೋ ನಮ್ಮಲ್ಲಿಗೆ ಬಂದರೆ, ಅದರಲ್ಲಿ 82 ಸಲ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ್ದಾರೆ!

ಲೆಕ್ಕ ಹೇಗೆಂದು ಮಗಳೇ ಬಿಡಿಸಿ ಹೇಳಿದಳು. ಗೂಗಲ್ ಅನಲಿಟಿಕ್ಸ್‌ನ ಹಳೆಯ ಪದ್ಧತಿಯಲ್ಲಿ ಒಂದೇ ಪುಟ ನೋಡಿ ಹೋದರೆ, ಹತ್ತು ನಿಮಿಷ ಕುಳಿತು ಓದಿದ್ದರೂ ಅದು ಬೌನ್ಸ್. ಆ ಪದ್ಧತಿ 2023ರ ಜುಲೈನಲ್ಲಿ ನಿಂತಿತು. ಈಗ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಎರಡನೆಯ ಪುಟ ತೆರೆದರೆ, ಇಲ್ಲವೇ ನಾವು ಮುಖ್ಯವೆಂದು ಗುರುತು ಹಾಕಿಟ್ಟ ಕೆಲಸವೊಂದನ್ನು ಮಾಡಿದರೆ ಅದು ಬೌನ್ಸ್ ಅಲ್ಲ.

‘ಹತ್ತು ಸೆಕೆಂಡೂ ನಿಲ್ಲಲಿಲ್ಲವೇ? ನಿನ್ನ ಫೀಸು ಕಟ್ಟಿದ್ದು ಇದಕ್ಕೇನು?’ ಎಂದುಬಿಟ್ಟರು ನಮ್ಮ ಮನೆಯವರು. ಮಗಳು ಆ ರಾತ್ರಿ ಊಟಕ್ಕೆ ಏಳಲಿಲ್ಲ.

ನನಗೆ ಹಲಸು ಮೇಳದ ಮಳಿಗೆ ನೆನಪಾಯಿತು. ಅಲ್ಲಿ ಹಪ್ಪಳದ ಕಟ್ಟು ಎತ್ತಿ, ಇಳಿಸಿ ಹೋಗುವವರ ಮುಖ ನೋಡಿದರೆ ಕಾರಣ ತಿಳಿಯುತ್ತದೆ. ಈ 82ಕ್ಕೆ ಮುಖವೇ ಇಲ್ಲ. ಹೋದರು ಎನ್ನುತ್ತದೆ, ಏಕೆ ಹೋದರು ಎನ್ನುವುದಿಲ್ಲ.

ಮರುದಿನ ಹುಬ್ಬಳ್ಳಿಯಿಂದ ನಾದಿನಿ ಬಂದಿದ್ದಳು. ‘ನಿನ್ನ ಫೋನಿನಲ್ಲಿ ನಮ್ಮ ಹಪ್ಪಳ ಕೊಳ್ಳು ನೋಡೋಣ’ ಎಂದು ತಾಯಿ ಮಗಳು ಅವಳ ಪಕ್ಕದಲ್ಲಿ ಕುಳಿತೆವು. ಪುಟ ಬೇಗ ತೆರೆಯಲೇ ಇಲ್ಲ. ದೊಡ್ಡ ದೊಡ್ಡ ಚಿತ್ರಗಳನ್ನು ಮಗಳು ತೆಗೆದ ಹಾಗೆಯೇ ಏರಿಸಿದ್ದಳು. ತೆರೆದ ಮೇಲೆ ಕಂಡದ್ದು ನಮ್ಮ ಮನೆಯವರು ಬರೆದುಕೊಟ್ಟ ಮನೆತನದ ಚರಿತ್ರೆ. ‘ಅಣ್ಣಾ, ಹಪ್ಪಳ ಎಲ್ಲಿ?’ ಎಂದಳು ನಾದಿನಿ. ಬೆಲೆ ಎಲ್ಲೂ ಇರಲಿಲ್ಲ. ‘ಕೇಳಿದವರಿಗೆ ಹೇಳಿದರಾಯಿತು’ ಎಂದು ಬೇಡವೆಂದವಳು ನಾನೇ. ಫೋನ್ ನಂಬರು ಪುಟದ ತಳದಲ್ಲಿತ್ತು. ಮೂವರದೂ ತಪ್ಪು, ಬೈಸಿಕೊಂಡವಳು ಒಬ್ಬಳೇ.

ಜನ ಏನೆಂದು ಹುಡುಕಿ ನಮ್ಮಲ್ಲಿಗೆ ಬಂದರೆಂಬುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತದೆ. ಮಗಳು ಅದನ್ನೂ ತೆಗೆದಳು. ಹೆಚ್ಚಿನವರು ಹುಡುಕಿದ್ದು ‘ಹಲಸಿನ ಹಪ್ಪಳ ಮಾಡುವುದು ಹೇಗೆ’ ಎಂದು. ಮಾಡುವ ಬಗೆ ಕೇಳಿ ಬಂದವರಿಗೆ ಅಂಗಡಿ ತೋರಿಸಿದರೆ ನಿಂತಾರೆಯೇ?

ಚಿತ್ರಗಳು ಕುಗ್ಗಿದವು. ಬೆಲೆ, ನಂಬರು ಮೇಲಕ್ಕೆ ಬಂದವು. ಚರಿತ್ರೆ ಬೇರೆ ಪುಟಕ್ಕೆ ಹೋಯಿತು. ಬಲಿತ ಹಲಸಿನಕಾಯಿಯ ತೊಳೆ ಬೇಯಿಸಿ, ಕುಟ್ಟಿ, ಒತ್ತಿ, ಒಣಗಿಸುವ ಬಗೆಯನ್ನು ನಾನು ಬರೆದುಕೊಟ್ಟೆ. ಅದರ ಕೊನೆಗೆ ‘ಪುರುಸೊತ್ತಿಲ್ಲದವರು ಇಲ್ಲಿ ಕೊಳ್ಳಿ’ ಎಂಬ ಕೊಂಡಿ. ನಂಬರು ನೋಡಿ ಐದೇ ಸೆಕೆಂಡಿನಲ್ಲಿ ನನಗೆ ಫೋನ್ ಮಾಡುವ ಗಿರಾಕಿಯೂ ಬೌನ್ಸ್ ಲೆಕ್ಕಕ್ಕೇ ಬೀಳುತ್ತಾನಂತೆ! ಆದ್ದರಿಂದ ನಂಬರು ಒತ್ತುವುದನ್ನೂ ಮುಖ್ಯ ಕೆಲಸವೆಂದು ಮಗಳು ಗುರುತು ಹಾಕಿದಳು.

82 ಇಳಿಯಿತು, ಸೊನ್ನೆಯಾಗಲಿಲ್ಲ. ಮೇಳದಲ್ಲೂ ನೋಡಿದವರೆಲ್ಲ ಕೊಳ್ಳುವುದಿಲ್ಲವಲ್ಲ.

ಮೊನ್ನೆ ಮಗಳ ಸೆಮಿಸ್ಟರ್ ಅಂಕಪಟ್ಟಿ ಬಂತು. ಗಣಿತದಲ್ಲಿ 41. ನಮ್ಮ ಮನೆಯವರು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ಕನ್ನಡಕ ಹುಡುಕಿಕೊಂಡು ಬಂದು ಅವಳ ಪಕ್ಕ ಕುಳಿತರು.

‘ಪ್ರಶ್ನೆಪತ್ರಿಕೆ ತಾ ಮಗಳೇ, ಎಲ್ಲಿ ತೊಡಕಾಯಿತು ನೋಡೋಣ.’