ಕೆಸರಿನ ಮೇಲೆ ಗಾಳಿಯ ಗಾಡಿ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು ಹೆಕ್ಕುವವರನ್ನು ನೀವು ನೋಡಿರಬಹುದು. ಹೆಕ್ಕುವುದಕ್ಕಿಂತ ಕಷ್ಟ ಅದನ್ನು ದಡಕ್ಕೆ ತರುವುದು. ಮೊಣಕಾಲುದ್ದದ ರಾಡಿ, ತಲೆ ಮೇಲೆ ಬುಟ್ಟಿ, ಹಿಂದಿನಿಂದ ಉಬ್ಬರದ ನೀರು. ಈ ಹೊರೆ ಸಾಗಿಸಲು ಏನಾದರೂ ಮಾಡಬಹುದೇ ಎಂದು ನಾವು ನಾಲ್ವರು ಗೆಳೆಯರು ಹೋವರ್‌ಕ್ರಾಫ್ಟ್ ಕಟ್ಟಲು ಹೊರಟೆವು. ಜಾಗ, ಬೈಕ್ ನಿಲ್ಲಿಸುವ ಹಿತ್ತಲ ಶೆಡ್.

ಹೋವರ್‌ಕ್ರಾಫ್ಟ್ ಅಂದರೆ ತನ್ನ ಅಡಿಗೆ ತಾನೇ ಗಾಳಿ ತುಂಬಿಕೊಂಡು, ಆ ಗಾಳಿಯ ಮೇಲೆ ಜಾರುವ ಗಾಡಿ. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕೆರೆಲ್ 1955ರಲ್ಲಿ ಇದನ್ನು ಪರೀಕ್ಷಿಸಿದ್ದು ಒಂದರೊಳಗೊಂದು ಇಟ್ಟ ಎರಡು ಖಾಲಿ ಡಬ್ಬ, ಒಂದು ಗಾಳಿ ಊದುವ ಯಂತ್ರ ಮತ್ತು ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು. 1959ರ ಜುಲೈ 25ರಂದು ಅವರ ಗಾಡಿ ಫ್ರಾನ್ಸ್‌ನಿಂದ ಇಂಗ್ಲೆಂಡಿಗೆ ಸಮುದ್ರ ದಾಟಿತು. ನಮ್ಮ ಕೋಸ್ಟ್ ಗಾರ್ಡ್ ಬಳಿಯೂ ಇಂಥ ಗಾಡಿಗಳಿವೆ.

ನಮ್ಮದು ಅಷ್ಟು ದೊಡ್ಡದಲ್ಲ. 12 ಎಂಎಂ ಪ್ಲೈವುಡ್ಡನ್ನು 4 ಅಡಿ ಅಗಲಕ್ಕೆ ದುಂಡಗೆ ಕತ್ತರಿಸಿದೆವು. ಅಡಿಗೆ ದಪ್ಪ ತಾಡಪಾಲು ಸಡಿಲವಾಗಿ ಹೊದಿಸಿ, ಅಂಚನ್ನು ಮೇಲಕ್ಕೆ ಮಡಚಿ ಸ್ಟೇಪ್ಲರ್ ಪಿನ್ ಹೊಡೆದೆವು. ತಾಡಪಾಲಿನ ನಡುವನ್ನು ಪ್ಲಾಸ್ಟಿಕ್ ಮುಚ್ಚಳವಿಟ್ಟು ಬೋಲ್ಟ್ ಹಾಕಿ ಹಲಗೆಗೆ ಬಿಗಿದೆವು. ಮುಚ್ಚಳದ ಸುತ್ತ ಆರು ತೂತು. ತೋಟದಲ್ಲಿ ತರಗೆಲೆ ಹಾರಿಸುವ ಪೆಟ್ರೋಲ್ ಬ್ಲೋವರಿನ ಕೊಳವೆಯನ್ನು ಹಲಗೆಯ ಮೇಲಿಂದ ತೂರಿಸಿದೆವು. ಗಾಳಿ ತುಂಬಿದಾಗ ತಾಡಪಾಲು ಉದ್ದಿನ ವಡೆಯಂತೆ ಉಬ್ಬುತ್ತದೆ. ಆರು ತೂತಿನಿಂದ ಇಳಿದ ಗಾಳಿ ಅಂಚಿನಡಿಯಿಂದ ನುಸುಳಿ ಹೊರಬರುವಾಗ ಗಾಡಿ ನೆಲ ಬಿಡುತ್ತದೆ.

ಮುಚ್ಚಿದ ಶೆಡ್‌ನಲ್ಲಿ ಪೆಟ್ರೋಲ್ ಎಂಜಿನ್ ಓಡಿಸಬಾರದು. ಅದರ ಹೊಗೆಗೆ ಜೀವ ಹೋಗುತ್ತದೆ. ಹಾಗಾಗಿ ಅಂಗಳಕ್ಕೆ ಒಯ್ದೇ ಚಾಲೂ ಮಾಡಿದೆವು. ಸಿಮೆಂಟ್ ನೆಲದ ಮೇಲೆ ಒಬ್ಬರನ್ನು ಕೂರಿಸಿ ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಗೋಡೆವರೆಗೂ ಹೋಯಿತು. ಬ್ರೇಕ್ ಇಲ್ಲ, ಹಗ್ಗವೇ ಬ್ರೇಕು. ಕೇರಿಯ ಮಕ್ಕಳೆಲ್ಲ ಸಾಲು ನಿಂತರು.

ಬಳಚು ಹೆಕ್ಕುವ ಅಕ್ಕ ಒಬ್ಬರು ಬೇಲಿಯಾಚೆ ನಿಂತು ನೋಡುತ್ತಿದ್ದರು. "ಇಲ್ಲೇನೋ ಓಡ್ತದೆ ತಮಾ, ರಾಡಿಯಲ್ಲೂ ಓಡ್ತದಾ?" ಎಂದರು.

ಮರುದಿನ ಇಳಿತದ ಹೊತ್ತಿಗೆ ಹೊತ್ತುಕೊಂಡು ಹೋದೆವು. ಸಮತಟ್ಟಾದ ಒದ್ದೆ ಮರಳಿನ ಮೇಲೆ ಎರಡು ಬುಟ್ಟಿ ಬಳಚು ಇಟ್ಟುಕೊಂಡು ಹಗುರವಾಗಿ ಜಾರಿತು. ರಾಡಿಗೆ ಇಳಿಯುತ್ತಲೇ ಗಾಳಿಯ ರಭಸಕ್ಕೆ ಕೆಸರು ಎಲ್ಲರ ಮುಖಕ್ಕೆ ಹಾರಿತು. ಮುಂದೆ ಚಿಪ್ಪಿನ ಚೂಪು ಅಂಚು ತಾಗಿ ತಾಡಪಾಲು ಸೀಳಿತು. ಗಾಳಿ ಹೋಯಿತು. ಆದರೆ ಹಲಗೆ ಹೂಳಲಿಲ್ಲ.

ಯಾಕೆಂದು ಅಲ್ಲೇ ಲೆಕ್ಕ ಹಾಕಿದೆವು. 60 ಕಿಲೋ ತೂಕದವರು ನಡೆಯುವಾಗ ಒಂದು ಪಾದದಡಿಯ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 300 ಗ್ರಾಂ ಭಾರ ಬೀಳುತ್ತದೆ. ನಮ್ಮ ಹಲಗೆಯ ಮೇಲೆ 80 ಕಿಲೋ ಇಟ್ಟರೂ ಅದು ಸುಮಾರು 7 ಗ್ರಾಂ ಅಷ್ಟೇ. ಹೂಳದಂತೆ ಕಾಯುವುದು ಹಲಗೆಯ ಅಗಲ. ಗಾಳಿ ಕಡಿಮೆ ಮಾಡುವುದು ಎಳೆಯುವ ಶ್ರಮವನ್ನು ಮಾತ್ರ. ಒದ್ದೆ ಕೆಸರು ಆ ಕೆಲಸವನ್ನು ಅರ್ಧ ತಾನೇ ಮಾಡಿಕೊಡುತ್ತದೆ.

ಅಕ್ಕನಿಗೆ ಲೆಕ್ಕ ಬೇಕಿರಲಿಲ್ಲ. ಹಗ್ಗ ಹಿಡಿದು ಎರಡು ಬುಟ್ಟಿಯನ್ನೂ ದಡಕ್ಕೆ ಎಳೆದು ತಂದರು. "ಆ ಕೂಗೋ ಮಷಿನ್ ನೀವೇ ಇಟ್ಕಳಿ. ಹಲಗೆ ಬಿಟ್ಟು ಹೋಗಿ" ಎಂದರು.

ಇಂಗ್ಲೆಂಡಿನ ಸಾಮರ್‌ಸೆಟ್ ತೀರದಲ್ಲಿ ಮೀನುಗಾರರು ಕೆಸರಿನ ಮೇಲೆ ಮರದ ಜಾರುಗಾಡಿ ತಳ್ಳಿಕೊಂಡು ಬಲೆಯವರೆಗೆ ಹೋಗುತ್ತಿದ್ದರು. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಲ್ಲಿಗೆ ಬರುವ ಹಕ್ಕಿಗಳಿಗೂ ಸದ್ದಿಲ್ಲದ ಗಾಡಿಯೇ ಒಳ್ಳೆಯದು.

ಈಗ ಅದೇ ಶೆಡ್‌ನಲ್ಲಿ ಉದ್ದನೆಯ ಹಲಗೆ, ಮೇಲಕ್ಕೆ ಬಾಗಿದ ಮೂತಿ, ಎರಡು ಬುಟ್ಟಿ ಕೂರುವ ಚೌಕಟ್ಟು ಸಿದ್ಧವಾಗುತ್ತಿವೆ. ಅಮಾವಾಸ್ಯೆಗೆ ನೀರು ತುಂಬ ದೂರ ಇಳಿಯುತ್ತದೆ, ಹೊರೆಯ ದಾರಿಯೂ ಉದ್ದವಾಗುತ್ತದೆ. ಅಷ್ಟರೊಳಗೆ ಎರಡು ಗಾಡಿ ಮುಗಿಸಬೇಕು. ಬ್ಲೋವರ್ ಮತ್ತೆ ತೋಟಕ್ಕೆ ಹೋಗಿದೆ.